ನೀರು ಬಂದೈತಿ

ಗದಗಿನ ನಮ್ಮ ಇಂಜಿನಿಯರಿಂಗ್ ಶಾಲೆಯ ಪ್ರಯೋಗಶಾಲೆಗೆ ಎರಡು ಕೋಣೆಗಳಿದ್ದವು. ಹಿಂದಿನದು ಬಾಯ್ಲರ್ ಕೋಣೆ, ಮುಂದಿನದು ಬೋರ್ಡಿನ ಕೋಣೆ. ನಡುವಿನ ಗೋಡೆಯಲ್ಲಿ ಸರಳು ಹಾಕಿದ ಒಂದು ಕಿಟಕಿ. ಮುಚ್ಚಿಹೋದ ಹತ್ತಿ ಗಿರಣಿಯೊಂದರವರು ತಮ್ಮ ಸಣ್ಣ ಬಾಯ್ಲರನ್ನೂ ಅದರ ಜೊತೆಗಿದ್ದ ನಿಯಂತ್ರಣದ ಸಾಮಾನುಗಳನ್ನೂ ಶಾಲೆಗೆ ಕೊಟ್ಟಿದ್ದರು. ಪುಸ್ತಕದಲ್ಲಿ ಚಿತ್ರ ನೋಡಿ ಕಲಿಯುತ್ತಿದ್ದ ನಮಗೆ ನಿಜವಾದ ಕಾರ್ಖಾನೆಯೇ ಕೈಗೆ ಸಿಕ್ಕಂತಾಯಿತು.

ಬಾಯ್ಲರಿನೊಳಗೆ ನೀರು ಇಳಿದರೆ ಒಂದು ತೇಲುಗುಂಡು ಇಳಿಯುತ್ತಿತ್ತು. ಅದು ಇಳಿದರೆ ನೀರಿನ ವಾಲ್ವು ತಾನೇ ತೆರೆಯುತ್ತಿತ್ತು. ಉಗಿಯ ಒತ್ತಡ ಹೆಚ್ಚಾದರೆ ಸರಪಳಿಯೊಂದು ಎಳೆದು ಹೊಗೆಯ ದಾರಿಯನ್ನು ಕಿರಿದು ಮಾಡಿ ಬೆಂಕಿಯನ್ನು ತಗ್ಗಿಸುತ್ತಿತ್ತು. ಬೋರ್ಡಿನ ಮೇಲೆ ದುಂಡು ಕಾಗದ ಗಡಿಯಾರದ ಹಾಗೆ ತಿರುಗುತ್ತ, ಅದರ ಮೇಲೆ ಶಾಯಿಯ ಮುಳ್ಳು ನೀರಿನ ಮಟ್ಟವನ್ನು ಗೆರೆ ಎಳೆದು ತೋರಿಸುತ್ತಿತ್ತು. ಮೊದಲ ದಿನ ಇದನ್ನೆಲ್ಲ ನೋಡಿ ನನ್ನ ಗೆಳೆಯ ಹೇಳಿದ:

"ಯಾರೂ ಹೇಳೂದು ಬ್ಯಾಡ, ಕೇಳೂದು ಬ್ಯಾಡ. ತನ್ನ ತಾನ ಆಳ್ಕೊಳ್ತೈತಿ. ಇದಕ್ಕೂ ಸ್ವರಾಜ್ಯ ಬಂದಂಗಾತಲೇ!"

ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಏಕೀಕರಣ ಇನ್ನೂ ಆಗಿರಲಿಲ್ಲ. ನಾವು ಮುಂಬಯಿ ಪ್ರಾಂತದವರು. ಗೆಳೆಯ ಲಕ್ಷ್ಮೇಶ್ವರದವನು. ಅದು ಸಂಸ್ಥಾನದ ಊರು, ಆಮೇಲೆ ವಿಲೀನವಾದದ್ದು. ಬೆಟಗೇರಿಯವನಾದ ನಾನು ಅದನ್ನೇ ಹಿಡಿದು ಅವನನ್ನು ಕೆಣಕುತ್ತಿದ್ದೆ.

"ನಿಮ್ಮೂರಿಗೆ ಸ್ವಾತಂತ್ರ್ಯ ಚಕ್ಕಡಿ ಹತ್ತಿ ಬಂತಲ್ಲಲೇ, ತಡಾ ಮಾಡಿ."

"ನಾವು ರಾಜನ ಮಂದಿಪಾ. ನಮಗೇನ ಗಡಿಬಿಡಿ? ಸ್ವಾತಂತ್ರ್ಯಾನ ಬಾಗಿಲಿಗೆ ಬಂದು ನಿಂತು, ಒಳಗ ಬರ್ಲೇನ್ರಿ ಅಂತ ಕೇಳ್ತು."

ಅವನ ತಂದೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಲಕ್ಷ್ಮೇಶ್ವರ, ಶಿರಹಟ್ಟಿ, ಸುತ್ತಲ ಹಳ್ಳಿಗಳ ಮನೆಮನೆಯ ಪಾತ್ರೆ ಅವರ ಕುಲುಮೆಗೆ ಬರುತ್ತಿತ್ತು. ಬೆಂಕಿಯ ಬಣ್ಣ ನೋಡಿ ಅದರ ಕಾವು ಹೇಳುವ ವಿದ್ಯೆ ಗೆಳೆಯನಿಗೆ ಅಲ್ಲಿಂದ ಬಂದದ್ದು. ಆದರೆ ತಂದೆಯ ಕಣ್ಣು ಮಂಜಾಗತೊಡಗಿತ್ತು. ಇವನು ಆ ವರ್ಷ ಪರೀಕ್ಷೆ ಪಾಸಾಗಿ ಬಾಯ್ಲರ್ ನಡೆಸುವ ಸರ್ಟಿಫಿಕೇಟು ಪಡೆದು ಯಾವುದಾದರೂ ಗಿರಣಿಗೆ ಸೇರಬೇಕು. ಇನ್ನೊಂದು ವರ್ಷ ಓದುವುದು ಅವನಿಗೆ ಸಾಧ್ಯವಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ನನ್ನ ತಂದೆ ರೈಲ್ವೆಯವರು. ನಮ್ಮ ಮನೆಯಲ್ಲಿ ಊಟ, ಸ್ನಾನ, ಓದು ಎಲ್ಲವೂ ಗಡಿಯಾರದ ಪ್ರಕಾರ. ಬೆಂಕಿ, ವಾಲ್ವು ಇವೆಲ್ಲ ಗೆಳೆಯನಷ್ಟು ಚೆನ್ನಾಗಿ ನನಗೆ ಒಲಿಯಲಿಲ್ಲ. ನನಗೆ ಒಲಿದದ್ದು ದಾಖಲೆ ಪುಸ್ತಕ. ಹದಿನೈದು ನಿಮಿಷಕ್ಕೊಮ್ಮೆ ಒತ್ತಡ, ನೀರು, ಬೆಂಕಿ, ಷರಾ. ನಾಲ್ಕು ಮನೆ, ದುಂಡು ಅಕ್ಷರ. ನಮ್ಮ ಮಾಸ್ತರರು ಆ ಪುಸ್ತಕವನ್ನು ಕೆಳಗಿನ ತರಗತಿಗಳಿಗೆ ತೆಗೆದುಕೊಂಡು ಹೋಗಿ ತೋರಿಸುತ್ತಿದ್ದರು. "ಅಚ್ಚು ಹಾಕಿದ ಹಾಗಿದೆ ನೋಡ್ರಯ್ಯ" ಎನ್ನುತ್ತಿದ್ದರು.

ಮಾಸ್ತರರು ಮೈಸೂರಿನ ಕಡೆಯವರು. ಕನ್ನಡಿಗರೆಲ್ಲ ಒಂದಾಗಬೇಕೆಂಬ ಆಸೆಯಿಂದಲೇ ದೂರದ ನಮ್ಮ ಊರಿಗೆ ಕಲಿಸಲು ಬಂದವರು. ಎರಡು ವರ್ಷದಲ್ಲಿ ನಮ್ಮ ಮಾತು ಸಾಕಷ್ಟು ಹಿಡಿತಕ್ಕೆ ಬಂದಿತ್ತು. 'ಐತಿ' ಅಂದರೆ 'ಇದೆ', 'ಆತು' ಅಂದರೆ 'ಆಯಿತು' ಎಂದು ಅವರೇ ನಗುತ್ತ ಪಾಠ ಒಪ್ಪಿಸುತ್ತಿದ್ದರು. ಪ್ರಯೋಗಶಾಲೆಯಲ್ಲಿ ಮಾತ್ರ ನಗು ಇಲ್ಲ. ಅವರ ನಿಯಮಗಳು ನನಗೆ ಈಗಲೂ ಬಾಯಿಪಾಠ. ಬೋರ್ಡಿನವನು ಆಜ್ಞೆ ಕೊಡಬೇಕು. ಬಾಯ್ಲರಿನವನು ಮಾಡಿ, ಮಾಡಿದ್ದನ್ನು ಕೂಗಿ ಹೇಳಬೇಕು. ಬೋರ್ಡಿನವನು ಕೇಳಿದ್ದನ್ನು ಆ ಕ್ಷಣವೇ ಬರೆಯಬೇಕು. ಬರೆದದ್ದನ್ನು ಉಜ್ಜಬಾರದು. ನಡುವೆ ವಾದ ಕೂಡದು. ವಾದವೆಲ್ಲ ಬೆಂಕಿ ಆರಿದ ಮೇಲೆ.

ಪರೀಕ್ಷೆಗೆ ಇನ್ನು ಮೂರು ವಾರ ಇದ್ದಾಗ ಅವರು ನಮಗೊಂದು ಕಠಿಣವಾದ ಅಭ್ಯಾಸ ಕೊಟ್ಟರು. ತೇಲುಗುಂಡನ್ನು ನೀರಿನ ವಾಲ್ವಿಗೆ ಸೇರಿಸಿದ್ದ ಕೊಂಡಿಯನ್ನು ಬಿಚ್ಚಿಸಿದರು. ಬೋರ್ಡಿನ ಮೇಲಿನ ನೀರಿನ ಮುಳ್ಳು, ದುಂಡು ಕಾಗದ ಎರಡರ ಮೇಲೂ ಕರಿ ಬಟ್ಟೆ ಹೊದಿಸಿದರು.

"ಒಂದು ದಿನ ಗಿರಣಿಯಲ್ಲಿ ಇವೆಲ್ಲ ಕೆಟ್ಟು ನಿಲ್ಲುತ್ತವೆ. ಆಗ ನಿನಗಿರೋದು ನಿನ್ನ ಜೊತೆಗಾರನ ಬಾಯಿ ಒಂದೇ. ಅದನ್ನ ನಂಬಿ ನಡೆಸು ನೋಡೋಣ" ಎಂದರು.

ನಾನು ಬೋರ್ಡಿಗೆ, ಗೆಳೆಯ ಬಾಯ್ಲರಿಗೆ. ಮೊದಲ ಒಂದು ಗಂಟೆ ಸರಿಯಾಗಿ ನಡೆಯಿತು. ಆಮೇಲೆ ಯಾರೋ ಕಾಣಲು ಬಂದರೆಂದು ಮಾಸ್ತರರು ಹೊರಗಿನ ಪಡಸಾಲೆಗೆ ಹೋದರು. ಪಂಪಿನ ಪಟ್ಟಾ ಟಪಟಪ ಹೊಡೆದುಕೊಳ್ಳುತ್ತಿತ್ತು, ಉಗಿ ಬುಸುಗುಡುತ್ತಿತ್ತು. ಹತ್ತೂ ಕಾಲಿಗೆ ನಾನು ಕಿಟಕಿಯತ್ತ ಕೂಗಿದೆ:

"ನೀರು ಬಿಡು!"

ಸ್ವಲ್ಪ ಹೊತ್ತು ಬಿಟ್ಟು ಅವನ ದನಿ ಬಂತು: "ನೀರು ಬಂದೈತಿ!"

ನಾನು ಬರೆದೆ: ನೀರು ಬಂದಿದೆ. ಒತ್ತಡ ನೋಡಿದೆ, ಸ್ವಲ್ಪ ಕಡಿಮೆ ಇತ್ತು. "ಬೆಂಕಿ ಏರಸು!" ಎಂದೆ.

"ಏ, ನೀರು ಬಂದೈತಿ!"

"ಕೇಳ್ತು! ಬೆಂಕಿ ಏರಸು!"

"ಲೇ, ಬಂದೈತಿ ಅಂತೀನಿ!"

"ಒಂದ ಮಾತು ಎಷ್ಟ ಸಲ ಒದರ್ತಿಲೇ? ಕಿವುಡ ಅಲ್ಲ ನಾ. ಹೇಳಿದಷ್ಟು ಮಾಡು!"

ಆಮೇಲೆ ಸಲಿಕೆ ಕಲ್ಲಿದ್ದಲಿಗೆ ತಾಗಿದ ಸದ್ದು ಕೇಳಿಸಿತು. ನಾನು ಷರಾದ ಮನೆಯಲ್ಲಿ 'ಸರಿ' ಎಂದು ಬರೆದೆ.

ಇನ್ನೂ ಹದಿನೈದು ನಿಮಿಷ ತುಂಬುವ ಮೊದಲೇ ಕಿಟಕಿಯಿಂದ ಬಿಳಿ ಉಗಿ ನುಗ್ಗಿತು. ಬಾಯ್ಲರಿನಲ್ಲಿ ನೀರು ತೀರಾ ಇಳಿದರೆ ಕರಗಿ, ಒಳಗಿನ ಉಗಿಯನ್ನು ಬೆಂಕಿಯ ಮೇಲೆ ಬಿಟ್ಟು ಅದನ್ನು ಆರಿಸಲೆಂದೇ ಇಟ್ಟಿರುವ ಒಂದು ಸೀಸದ ಬಿರಡೆ ಇರುತ್ತದೆ. ಅದು ಕರಗಿತ್ತು. ನಾನು ಹೊರಗೆ ಓಡಿದೆ. ಗೆಳೆಯ ಓಡಲಿಲ್ಲ. ಉದ್ದನೆಯ ಕೊಕ್ಕೆ ಹಾಕಿ, ಉಳಿದ ಕೆಂಡವನ್ನೆಲ್ಲ ಒಲೆಯಿಂದ ಕೆಳಕ್ಕೆ ಎಳೆದು ಹಾಕಿದ. ಬಾಯ್ಲರ್ ಒಡೆಯದೆ ಉಳಿದದ್ದು ಅವನಿಂದ. ಹೊರಗೆ ಬಂದಾಗ ಅವನ ಬಲಗೈ ಮಣಿಕಟ್ಟಿನವರೆಗೆ ಬೆಂದಿತ್ತು.

ಕಾರಣ ಸಿಗಲು ಹೊತ್ತು ಹಿಡಿಯಲಿಲ್ಲ. ಮುಂಡರಗಿಯವನಾದ ನಮ್ಮ ಜವಾನ ಹತ್ತರ ಸುಮಾರಿಗೆ ಮೇಲಿನ ನೀರಿನ ಟಾಕಿ ತೊಳೆಯಲು ಅದರ ನಳ ಮುಚ್ಚಿದ್ದ. ಮತ್ತೆ ಬಿಡಲು ಮರೆತಿದ್ದ. "ತಪ್ಪಾತ್ರಿ ಸಾಹೇಬ್ರ" ಎಂದು ಅಳತೊಡಗಿದ. ಮಾಸ್ತರರು ಕರಿ ಬಟ್ಟೆ ಸರಿಸಿದರು. ದುಂಡು ಕಾಗದದ ಮೇಲೆ ನೀರಿನ ಗೆರೆ ಹತ್ತೂ ಕಾಲಿನಿಂದ ಒಂದೇ ಸಮನೆ ಇಳಿದಿತ್ತು. ಆಮೇಲೆ ನನ್ನ ಪುಸ್ತಕ ತೆಗೆದರು. ಹತ್ತೂ ಕಾಲು: ನೀರು ಬಂದಿದೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಗೆಳೆಯನನ್ನು ಕೂರಿಸಿ ಕೇಳಿದರು.

"ಹತ್ತೂ ಕಾಲಿಗೆ ನೀನು ಏನು ಕೂಗಿದೆಯಪ್ಪ?"

"ನೀರು ಬಂದೈತಿ ಅಂತ ಕೂಗಿದೆ ಸರ್."

"ಸರಿಯಾಗಿ ನೆನಪಿದೆಯಾ?"

"ಬಂದೈತಿ ಅಂತ ಮೂರ್ ಸಲ ಕೂಗೀನಿ ಸರ್! ಇವನ್ನ ಕೇಳ್ರಿ."

ಮಾಸ್ತರರು ನನ್ನ ಮುಖ ನೋಡಿದರು. "ಹೌದ್ರಿ ಸರ್, ಮೂರು ಸಲ" ಎಂದೆ. ಗೆಳೆಯ ಉಸಿರು ಬಿಟ್ಟು ಹಿಂದಕ್ಕೆ ಒರಗಿದ. ತಾನು ಪಾರಾದೆ ಎಂದುಕೊಂಡ ಮುಖ ಅದು. ಮಾಸ್ತರರ ಮುಖ ಮಾತ್ರ ಗಟ್ಟಿಯಾಯಿತು. "ನಾಳೆ ಬೆಳಿಗ್ಗೆ ಬನ್ನಿ" ಎಂದರು.

ಸಂಜೆ ಮನೆಯಲ್ಲಿ ಓದಲು ಕುಳಿತಿದ್ದೆ. ಅವ್ವ ಜೋಳದ ಬುಟ್ಟಿ ಹೊತ್ತುಕೊಂಡು ಹೋದವಳು ಹಾಗೇ ತಿರುಗಿ ಬಂದಳು. ಬುಟ್ಟಿ ಇಳಿಸುತ್ತ ಅಕ್ಕನಿಗೆ ಹೇಳಿದಳು:

"ಹಿಟ್ಟಿನ ಗಿರಣಿ ಬಂದೈತಿ ಇವತ್ತ. ನಾಳೆ ಹೋದ್ರಾತು."

ನಾನು ಪುಸ್ತಕ ಮುಚ್ಚಿದೆ. ಗಿರಣಿ ಬಂದ್ ಐತಿ, ಅಂದರೆ ಬಾಗಿಲು ಹಾಕಿದೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಅಂಗಡಿ ಬಂದೈತಿ, ಕಚೇರಿ ಬಂದೈತಿ, ಶಾಲಿ ಬಂದೈತಿ. ಅಂಗಡಿಗೆ, ಗಿರಣಿಗೆ ಕಾಲಿಲ್ಲ, ಅವು ಎಲ್ಲಿಂದಲೂ ಬರುವುದಿಲ್ಲ. ಆದ್ದರಿಂದ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ನೀರು ಬರುತ್ತದೆ. ನೀರು ಬಂದ್ ಸಹ ಆಗುತ್ತದೆ. ನಮ್ಮ ಬಾಯಲ್ಲಿ ಎರಡೂ ಒಂದೇ ಸದ್ದು. ಅವನು 'ನೀರು ನಿಂತಿದೆ' ಎಂದು ಮೂರು ಸಲ ಕೂಗಿದ್ದ. ನಾನು ಮೂರು ಸಲವೂ 'ನೀರು ಹರಿದು ಬಂತು' ಎಂದು ಕೇಳಿದ್ದೆ. ಬರೆಯುವಾಗ ಶುದ್ಧ ಕನ್ನಡದಲ್ಲಿ 'ಬಂದಿದೆ' ಮಾಡಿಬಿಟ್ಟಿದ್ದೆ. ಬಾಯಲ್ಲಿ ಎರಡು ಅರ್ಥವಿದ್ದ ಮಾತಿಗೆ ಕಾಗದದ ಮೇಲೆ ಒಂದೇ ಅರ್ಥ ಉಳಿಯಿತು.

ಆಗಲೇ ಎದ್ದು ಹೋಗಿದ್ದರೆ ಮಾಸ್ತರರ ಮನೆ ಅರ್ಧ ಮೈಲಿ. ಓದುವ ಹೊತ್ತು ಮುಗಿಯಲಿ ಎಂದುಕೊಂಡೆ. ಊಟದ ಹೊತ್ತು ಬಂತು. ಊಟವಾದ ಮೇಲೆ ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಮಾಸ್ತರರು ನಿಂತೇ ಮಾತಾಡಿದರು. ಬಾಯ್ಲರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ನೋಡದೆ, ಬಂದಿದೆ ಎಂದು ಬಾಯಿಗೆ ಬಂದದ್ದನ್ನು ಕೂಗಿದವನು ಬಾಯ್ಲರಿನ ಹತ್ತಿರ ನಿಲ್ಲಲು ತಕ್ಕವನಲ್ಲ. ಈ ವರ್ಷ ಪರೀಕ್ಷೆಗೆ ಕಳಿಸುವುದಿಲ್ಲ. ತಂದೆಗೆ ಕಾಗದ ಬರೆದಿದ್ದೇನೆ. ಇಷ್ಟೇ.

ಗೆಳೆಯನಿಗೆ ಏನೂ ತಿಳಿಯಲಿಲ್ಲ. "ನೋಡೀನಿ ಸರ್! ನೋಡಿದ ಮ್ಯಾಲ ಬಂದೈತಿ ಅಂದೀನಿ!" ಎಂದ.

"ಅದೇ ಅಲ್ಲವೇನಯ್ಯ ನಾನು ಹೇಳ್ತಿರೋದು?" ಎಂದರು ಮಾಸ್ತರರು. ಅವರ ದನಿ ಏರಿತು. ಆಮೇಲೆ ನನ್ನತ್ತ ತಿರುಗಿ, "ನೀನು ಬರೆದದ್ದಕ್ಕೆ ಈಗಲೂ ಬದ್ಧನಾಗಿದ್ದೀಯಾ?" ಎಂದರು.

ಆ ಕೋಣೆಯಲ್ಲಿ ಮಾಸ್ತರರಿಗೆ 'ನಿಂತಿದೆ' ಎಂಬ ಅರ್ಥ ಕೇಳಿಸುತ್ತಿರಲಿಲ್ಲ, ಗೆಳೆಯನಿಗೆ 'ಹರಿದು ಬಂತು' ಎಂಬ ಅರ್ಥ ಹೊಳೆಯುತ್ತಿರಲಿಲ್ಲ. ಎರಡೂ ತಿಳಿದಿದ್ದವನು ನಾನೊಬ್ಬನೇ. ಮೇಜಿನ ಮೇಲೆ ನನ್ನ ಪುಸ್ತಕ ತೆರೆದಿತ್ತು, ಅಚ್ಚು ಹಾಕಿದ ಹಾಗೆ.

"ಕೇಳಿದ್ದನ್ನ ಬರ್ದೀನ್ರಿ ಸರ್" ಎಂದೆ.

ಅದು ಸುಳ್ಳಲ್ಲ. ಸುಳ್ಳಲ್ಲ ಎಂಬುದೇ ಆ ದಿನಗಳಲ್ಲಿ ನನಗಿದ್ದ ಒಂದೇ ಸಮಾಧಾನ. ಗೆಳೆಯ ಹೋಗುವಾಗ ಪಡಸಾಲೆಯಲ್ಲಿ ನನ್ನ ತೋಳು ಹಿಡಿದು, "ಏನಾತಲೇ ಇದು? ನೀನೂ ಅದನ್ನ ಹೇಳ್ದಿ, ನಾನೂ ಅದನ್ನ ಹೇಳ್ದೆ. ಮತ್ತ ನನಗ್ಯಾಕ ಸಿಟ್ಟಾದ್ರು?" ಎಂದು ಕೇಳಿದ. ಎಡಗೈಯಿಂದ ಹಿಡಿದಿದ್ದ. ನಾನು, "ನಂಗೂ ತಿಳೀವಲ್ದು" ಎಂದೆ. ಇದು ಸುಳ್ಳು.

ಒಂಬತ್ತು ದಿನ ಕಳೆದವು. ಎಲ್ಲ ಹೊತ್ತಿಗೆ ಸರಿಯಾಗಿ ಎದ್ದೆ, ಉಂಡೆ, ಓದಿದೆ. ಮಾಸ್ತರರು ನನಗೆ ಬೇರೆ ಜೊತೆಗಾರನನ್ನು ಕೊಟ್ಟರು. ಅವನು ಕೂಗಿದ ಪ್ರತಿ ಮಾತಿಗೂ ಪೆನ್ನು ಎತ್ತಿ ಹಿಡಿದು ನಿಂತುಬಿಡುತ್ತಿದ್ದೆ. ಹತ್ತನೆಯ ದಿನ ರವಿವಾರ. ಮುಳಗುಂದದ ಮೇಲೆ ಹೋಗುವ ಮೋಟಾರು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ.

ಮನೆಯ ಮುಂದೆಯೇ ಕುಲುಮೆ. ತಂದೆ ಕೆಂಡದ ಮೇಲೆ ಹಂಡೆ ತಿರುಗಿಸುತ್ತ, ಅರಳೆಯಿಂದ ತವರ ಒರೆಸುತ್ತಿದ್ದರು. ಗೆಳೆಯ ಎಡಗೈಯಿಂದ ತಿದಿ ಒತ್ತುತ್ತಿದ್ದ. ನನ್ನನ್ನು ಕಂಡ ಕೂಡಲೇ ಅವನ ಮುಖ ಅರಳಿತು.

"ಅಬ್ಬಾ, ನೋಡ್ರಿ, ಬೆಟಗೇರಿ ಕಲೆಕ್ಟರ್ ಸಾಹೇಬ್ರು ಬಂದ್ರು! ಏನಲೇ, ಮೋಟಾರು ತಡಾ ಆತಂತ ಡ್ರೈವರ್‌ನ ಮ್ಯಾಲ ಷರಾ ಬರದಿಲ್ಲ?"

ತಂದೆ ನಕ್ಕರು. "ಬಾರಪಾ, ಕುಂಡರು. ಇವನ ಮಾತು ಹಿಡೀಬ್ಯಾಡ" ಎಂದರು. ಆಮೇಲೆ ದನಿ ತಗ್ಗಿಸಿ, "ಮಾಸ್ತರು ಕಾಗದ ಬರದಿದ್ರು. ನೋಡದ ಕೂಗಿದ ಅಂತ. ಇಪ್ಪತ್ತ ವರ್ಷ ಬೆಂಕಿ ಮುಂದ ಬೆಳದ ಹುಡುಗ, ನೋಡದ ಹೆಂಗ ಕೂಗಿದ ಅಂತೀನಿ ನಾ. ಇವ ನೋಡೀನಿ ಅಂತಾನ. ದೊಡ್ಡವರು ಸುಳ್ಳ ಬರೀತಾರೇನು? ಯಾರ್ನ ನಂಬಲಿ ಹೇಳು" ಎಂದರು.

ಗೆಳೆಯ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ, ಆದರೆ ತಲೆ ಬಗ್ಗಿಸಿದ. ಪರೀಕ್ಷೆ ಹೋದದ್ದಕ್ಕಿಂತ ಇದು ಅವನನ್ನು ಹೆಚ್ಚು ಸುಡುತ್ತಿತ್ತು ಎಂದು ನನಗೆ ಆಗ ಕಂಡಿತು.

ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವ್ವ ತಂದ ಜೋಳದ ಬುಟ್ಟಿಯಿಂದ ಹಿಡಿದು ಹೇಳಿದೆ. ಎರಡು ಮಾತನ್ನೂ ಅಂದು ತೋರಿಸಿದೆ. ತಂದೆಗೆ ಮೊದಲು ಅರ್ಥವಾಯಿತು. "ಯಾ ಅಲ್ಲಾ" ಎಂದು ಹಣೆ ಬಡಿದುಕೊಂಡು, ಅಷ್ಟರಲ್ಲೇ ನಗತೊಡಗಿದರು. "ಬಂದ್ ಐತಿ, ಬಂದೈತಿ! ನನ್ ಮಗ ಖರೆ ಹೇಳಿದ್ದ! ಹೋಗು, ಒಳಗ ಚಹಾ ಮಾಡಾಕ ಹೇಳು."

ಗೆಳೆಯನೂ ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಮ್ಮ ಮಾತು ನಮಗ ಕೈ ಕೊಡ್ತಲೇ" ಎಂದ. ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಗು ಇಳಿಯುತ್ತಿದ್ದಾಗ ಅವನು ಸುಮ್ಮನೆ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಕೇಳಿದ:

"ಅವ್ವಾರು ಗಿರಣಿಗೆ ಹೋಗಿದ್ದು ಯಾವತ್ತಲೇ? ನಿನ್ನೇನು?"

ನಾನು ನಿನ್ನೆ ಎನ್ನಬಹುದಿತ್ತು.

"ಅವತ್ತ ಸಂಜೀಕ" ಎಂದೆ.

"ಯಾವತ್ತ?"

"ಕೈ ಸುಟ್ಟ ದಿನ."

ತಿದಿ ನಿಂತಿತು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ನನಗೆ ಕಾಣಿಸಿತು. ಆ ಸಂಜೆ, ಮರುದಿನದ ಬೆಳಿಗ್ಗೆ, ಪಡಸಾಲೆ. ತಂದೆಯ ನಗು ಇನ್ನೂ ಮುಗಿದಿರಲಿಲ್ಲ. ಅವರಿಗೆ ಇದು ತಿಳಿಯಲಿಲ್ಲ, ಅವನು ತಿಳಿಸಲೂ ಇಲ್ಲ. ಚಹಾ ಬಂತು. ಅವನೇ ಬಸಿಯಲ್ಲಿ ಹಾಕಿ ನನ್ನ ಮುಂದಿಟ್ಟ. ನಾನು ಕುಡಿದು ಮುಗಿಸುವವರೆಗೆ ಕಾದು ಹೇಳಿದ:

"ಮೋಟಾರಿಗೆ ಹೊತ್ತಾತ್ರಿ. ನೀವು ಹೊಂಡ್ರಿ."

ಸೋಮವಾರ ಮಾಸ್ತರರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು, ಎರಡನ್ನೂ ನನ್ನಿಂದ ಹಲವು ಸಲ ಅನ್ನಿಸಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೇ ಥರ ಕೇಳತ್ತಲ್ಲಯ್ಯ" ಎಂದರು. "ಈ ಮಾತು ಕಲಿತೆ ಅಂದುಕೊಂಡಿದ್ದೆ ನಾನು." ನನಗೆ ಶಿಕ್ಷೆ ಕೊಡಲಿಲ್ಲ. ಹತ್ತೂ ಕಾಲಿನ ಸಾಲಿನ ಮೇಲೆ ಒಂದು ಗೆರೆ ಎಳೆಸಿ, 'ಕೇಳಿದ್ದು ತಪ್ಪು' ಎಂದು ಬರೆಸಿ, ಸಹಿ ಹಾಕಿಸಿದರು. ಲಕ್ಷ್ಮೇಶ್ವರಕ್ಕೆ ತಾವೇ ಹೋಗಿ ತಂದೆಯ ಕ್ಷಮೆ ಕೇಳಿ, ಮಗನನ್ನು ಪರೀಕ್ಷೆಗೆ ಕಳಿಸಿರೆಂದು ಬೇಡಿ ಬಂದರು.

ಅವನು ಪರೀಕ್ಷೆಯ ದಿನ ಬಂದ. ಜೋಡಿಗಳ ಪಟ್ಟಿ ಮುಂಬಯಿಗೆ ಮೊದಲೇ ಹೋಗಿದ್ದುದರಿಂದ ಬದಲಿಸುವಂತಿರಲಿಲ್ಲ. ನಾನು ಬೋರ್ಡಿಗೆ, ಅವನು ಬಾಯ್ಲರಿಗೆ. ಪರೀಕ್ಷಕರು ಅಲ್ಲಿಂದ ಬಂದ ಮರಾಠಿ ಮಾತಿನ ಸಾಹೇಬರು. ನಾನು ಕಿಟಕಿಯತ್ತ ಮೊದಲ ಆಜ್ಞೆ ಕೂಗಿದೆ: "ನೀರು ಬಿಡು!"

ಕೂಗುವ ಬದಲು ಅವನು ಕಿಟಕಿಗೆ ಬಂದು ನಿಂತು ಎಡಗೈ ಎತ್ತಿದ. ಅಂಗೈ ಅಗಲ ತೆರೆದಿತ್ತು. ನೀರು ಬಂದಿದೆ. ನಾನು ಬರೆದೆ. ಮುಂದಿನ ಸಲ ಮುಷ್ಟಿ: ಮುಚ್ಚಿದ್ದೇನೆ. ಬೆಂಕಿಗೆ ಬೆರಳು ಮೇಲೆ, ಬೆರಳು ಕೆಳಗೆ. ಬಲಗೈಯ ಚರ್ಮ ಎಳೆದುಕೊಂಡು ಅದರಿಂದ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಎರಡು ಗಂಟೆ ಹೀಗೆ ನಡೆಸಿದೆವು. ಒಂದೂ ತಪ್ಪಾಗಲಿಲ್ಲ. ನಾವು ಅಷ್ಟು ಚೆನ್ನಾಗಿ ಹಿಂದೆಂದೂ ನಡೆಸಿರಲಿಲ್ಲ.

ಪರೀಕ್ಷಕರಿಗೆ ಬಹಳ ಸಂತೋಷವಾಯಿತು. ಗದ್ದಲದ ಗಿರಣಿಗಳಲ್ಲಿ ಕೈಸನ್ನೆಯೇ ಸರಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಮಾಸ್ತರರು ನೆಲ ನೋಡಿದರು. ಇಬ್ಬರೂ ಪಾಸಾದೆವು.

ನಾನು ದಾಖಲೆ ಪುಸ್ತಕಕ್ಕೆ ಕೊನೆಯ ಸಹಿ ಹಾಕುತ್ತಿದ್ದಾಗ ಹಿಂದಿನ ಕೋಣೆಯಿಂದ ಅವನ ದನಿ ಕೇಳಿಸಿತು. ಜವಾನನೊಡನೆ ಮಾತಾಡುತ್ತಿದ್ದ. "ಕಾಕಾ, ಇನ್ನ ಟಾಕಿ ತೊಳಿಯೂದಿದ್ರ ನಂಗೊಂದ ತಾರ ಹೊಡೀರಿ, ಎಲ್ಲಿದ್ರೂ ಓಡಿ ಬರ್ತೀನಿ." ಮುದುಕ ಗೊಳ್ಳನೆ ನಕ್ಕ. ಇವನೂ ನಕ್ಕ. ಅದೇ ನಗು, ಅದೇ ದನಿ. ಸಹಿಯ ಮೇಲೆ ಶಾಯಿ ಹೀರುವ ಕಾಗದ ಒತ್ತಿ ನಾನು ಹೊರಗೆ ಬರುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಅವನಿಗೆ ದೂರದ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸವಾಯಿತೆಂದು ಮಾಸ್ತರರಿಂದ ತಿಳಿಯಿತು. ನಾನು ಅದೇ ಶಾಲೆಯಲ್ಲಿ ಉಳಿದೆ, ಅದೇ ಪ್ರಯೋಗಶಾಲೆಯನ್ನು ನಿವೃತ್ತಿಯವರೆಗೆ ನಡೆಸಿದೆ. ಬಾಯ್ಲರ್ ಹೋಗಿ ವಿದ್ಯುತ್ತಿನ ಬೋರ್ಡುಗಳು ಬಂದವು. ಏಕೀಕರಣವಾದ ಮೇಲೆ ಮೈಸೂರಿನವರು, ಮಂಗಳೂರಿನವರು, ಬೀದರಿನವರು, ಎಲ್ಲ ಕಡೆಯ ಮಕ್ಕಳು ತಮ್ಮ ತಮ್ಮ ಕನ್ನಡ ತೆಗೆದುಕೊಂಡು ಬಂದರು. ಮೊದಲ ದಿನ ಅವರಿಗೆಲ್ಲ ಅಂಗೈ, ಮುಷ್ಟಿ, ಬೆರಳು ಕಲಿಸುತ್ತಿದ್ದೆ. ಬಾಯಿ ಇರುವಾಗ ಇದ್ಯಾಕ್ರಿ ಸರ್ ಎಂದು ಪ್ರತಿ ವರ್ಷ ಯಾರಾದರೊಬ್ಬ ಕೇಳುತ್ತಿದ್ದ. ಗದ್ದಲ ಇರ್ತೈತಿ, ಕೇಳಿದ್ದು ತಪ್ಪಾಗ್ತೈತಿ ಎನ್ನುತ್ತಿದ್ದೆ.

ಕೇಳಿದ್ದು ತಪ್ಪಾದದ್ದಕ್ಕೆ ಗೆಳೆಯ ಕುಲುಮೆಯ ಮುಂದೆ ಕಣ್ಣೀರು ಬರುವಂತೆ ನಕ್ಕಿದ್ದ. ಆ ಸಂಜೆ ಮಾಸ್ತರರ ಮನೆಗೆ ಅರ್ಧ ಮೈಲಿ ನಡೆದಿದ್ದರೆ ಸಾಕಿತ್ತು. ನಾನು ಓದುವ ಹೊತ್ತು ಮುಗಿಯಲಿ ಎಂದು ಕುಳಿತಿದ್ದೆ.